ಇಮ್ಮಡಿ, ಮಡಿಲು, ಮಡಿವಾಳ

ಬಟ್ಟೆಯಲ್ಲಿ ಮೂಡುವ ಗೆರೆಗಳಿಗೆಲ್ಲ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಸೀರೆ ಉಡುವಾಗ ಬೆರಳಲ್ಲಿ ಹಿಡಿದು ಸೊಂಟಕ್ಕೆ ಸಿಕ್ಕಿಸುವುದು ನೆರಿಗೆ. ಬ್ಯಾಗಿನಲ್ಲಿ ಒತ್ತಿ ತುರುಕಿದ ಅಂಗಿಗೆ ಬೀಳುವುದು ಸುಕ್ಕು. ಮುಷ್ಟಿಯಲ್ಲಿ ಹಿಸುಕಿದ ಕಾಗದ ಮುದುರುತ್ತದೆ. ಇವುಗಳ ನಡುವೆ ಮಡಿಕೆ ಅಂತ ಒಂದಿದೆ. ಅದು ತಾನಾಗಿ ಬೀಳುವಂಥದ್ದಲ್ಲ. ಬೇಕು ಅಂತಲೇ ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಸವರಿ ಮಾಡುವಂಥದ್ದು. ನೆರಿಗೆ ಇರುವುದು ಸೀರೆ ಮೈಮೇಲೆ ಇದ್ದಾಗ, ಮಡಿಕೆ ಇರುವುದು ಸೀರೆ ಬೀರುವಿನಲ್ಲಿ ಇದ್ದಾಗ.

ನೆರಿಗೆ ಚೆಂದದ ಮಾತು. ಅದರ ಹಳೆಯ ರೂಪ ನಿಱಿ. ನಾವು ಕೈಬಿಟ್ಟ ಱ ಅಕ್ಷರದಲ್ಲಿ ಅದನ್ನು ಬರೆಯುತ್ತಿದ್ದರು. ಹಳಗನ್ನಡದ ಕವಿಗಳು ಅಲೆಅಲೆಯಾದ ಕೂದಲನ್ನೂ ನಿಱಿಗುರುಳ್ ಅಂತ ಕರೆದರು. ಆದರೆ ನನಗೆ ಜಾಸ್ತಿ ಕುತೂಹಲ ಇರುವುದು ಮಡಿಕೆಯ ಮೇಲೆ, ಅಂದರೆ ಅದರ ಬೇರಾದ ‘ಮಡಿ’ಯ ಮೇಲೆ. ಎರಡೇ ಅಕ್ಷರದ ಈ ಮಾತು ರಾಜರ ಹೆಸರಿನ ಮುಂದೆ ಕೂತಿದೆ, ತಾಯಂದಿರ ಮಡಿಲಲ್ಲಿದೆ, ಯುದ್ಧದ ಸುದ್ದಿಯಲ್ಲಿದೆ, ದೇವರ ಕೋಣೆಯ ಬಾಗಿಲಲ್ಲೂ ಇದೆ. ಅಲ್ಲೆಲ್ಲ ಅದು ಹೇಗೆ ಹೋಯಿತು ಅಂತ ಹುಡುಕುತ್ತಾ ಹೋದರೆ ಕೊನೆಗೆ ಬಟ್ಟೆ ಒಗೆಯುವವರ ಕೈ ಸಿಗುತ್ತದೆ. ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಆ ಕೈಯ ಬಗ್ಗೆ.

ಮೊದಲು ಬಟ್ಟೆ. ಮೈಸೂರು ಕಡೆ ಬಟ್ಟೆ ಮಡಚುತ್ತಾರೆ, ಮಡಿಚಿಡುತ್ತಾರೆ. ಧಾರವಾಡದ ಕಡೆ ಅರಿವಿ ಘಡಿ ಮಾಡುತ್ತಾರೆ, ಅದು ಮರಾಠಿಯಿಂದ ಬಂದ ಮಾತು. ತಮಿಳಿನಲ್ಲಿ ಮಡಿ, ಮಡಕ್ಕು, ಮಲಯಾಳದಲ್ಲೂ ಮಡಕ್ಕು, ತೆಲುಗಿನಲ್ಲಿ ಮಡತ. ಅಕ್ಕತಂಗಿಯರಂಥ ಈ ನಾಲ್ಕೂ ಭಾಷೆಗಳಲ್ಲಿ ಮಾತು ಒಂದೇ ಅಂದ ಮೇಲೆ ಇದು ಬಹಳ ಹಳೆಯದು, ಭಾಷೆಗಳು ಬೇರೆಯಾಗುವ ಮುಂಚಿನದು. ಕಾಲು ಮಡಚಿ ಕೂರುವುದು, ಛತ್ರಿ ಮಡಚುವುದು, ಈಗ ಬಂದಿರುವ ಮಡಚುವ ಫೋನು, ಎಲ್ಲಕ್ಕೂ ಅದೇ ಕ್ರಿಯಾಪದ ಸಾಕಾಗಿದೆ.

ಇಬ್ಬರು ಹೆಂಗಸರು ಸೀರೆ ಮಡಚುವುದನ್ನು ಒಮ್ಮೆ ಗಮನಿಸಿ ನೋಡಿ. ಆರು ಗಜದ ಸೀರೆಯ ಒಂದೊಂದು ತುದಿಯನ್ನು ಒಬ್ಬೊಬ್ಬರು ಹಿಡಿದು, ಹಿಂದಕ್ಕೆ ಸರಿದು ಬಿಗಿಯಾಗಿ ಎಳೆಯುತ್ತಾರೆ. ಒಂದು ಸಲ ಜೋರಾಗಿ ಒದರುತ್ತಾರೆ. ಆಮೇಲೆ ಒಬ್ಬಳು ನಡೆದು ಬಂದು ತನ್ನ ತುದಿಯನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಬಗ್ಗಿ, ಕೆಳಗೆ ಇಳಿಬಿದ್ದ ನಡುಭಾಗವನ್ನು ಎತ್ತಿ ಹಿಡಿಯುತ್ತಾಳೆ. ಈಗ ಮೂರು ಗಜ. ಇನ್ನೊಂದು ಸಲ ಹಾಗೇ ಮಾಡಿದರೆ ಒಂದೂವರೆ. ಮತ್ತೊಂದು ಸಲಕ್ಕೆ ಮುಕ್ಕಾಲು ಗಜ. ಮಡಚಿದ್ದು ಮೂರು ಸಲ. ಕೈಯಲ್ಲಿ ಎಣಿಸಿದರೆ ಎಂಟು ಪದರ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಕನ್ನಡದ ಇಮ್ಮಡಿ, ಮುಮ್ಮಡಿ, ನೂರ್ಮಡಿ ಇವೆಲ್ಲ ಎಣಿಸುವುದು ಮಡಚಿದ ಸಲವನ್ನಲ್ಲ, ಪದರವನ್ನು. ಇರ್ ಅಂದರೆ ಎರಡು. ಇರ್ಮಡಿ ಸೇರಿ ಇಮ್ಮಡಿ ಆಯಿತು, ಎರಡು ಪದರದ್ದು. ಮೂರು ಪದರದ್ದು ಮುಮ್ಮಡಿ. ಬಟ್ಟೆ ದಪ್ಪವಾಗುವುದನ್ನು ಕೈಯಲ್ಲಿ ಮುಟ್ಟಿ ನೋಡಿದ ಜನ ‘ಇಷ್ಟು ಪಾಲು ಹೆಚ್ಚು’ ಅನ್ನುವುದಕ್ಕೆ ಅದೇ ಮಾತನ್ನು ಎತ್ತಿಕೊಂಡರು. ತೆಲುಗಿನವರೂ ಇನುಮಡಿ ಅನ್ನುತ್ತಾರೆ. ಸಂಸ್ಕೃತದ ದ್ವಿಗುಣದ ದಾರಿ ಬೇರೆ. ಅಲ್ಲಿ ಗುಣ ಅಂದರೆ ಎಳೆ, ಹಗ್ಗ ಹೊಸೆಯುವ ಎಳೆ. ಎರಡು ಎಳೆಯದ್ದು ದ್ವಿಗುಣ. ಒಬ್ಬರು ಹಗ್ಗ ನೋಡಿ ಲೆಕ್ಕ ಹಾಕಿದರು, ಇನ್ನೊಬ್ಬರು ಬಟ್ಟೆ ನೋಡಿ. ನಾವು ದಿನಾ ಬಳಸುವ ದುಪ್ಪಟ್ಟು ಕೂಡ ಬಟ್ಟೆಯ ಕಡೆಯದೇ. ದುಪಟ್ಟಾ, ದುಪ್ಪಟಿ ಅದರ ನೆಂಟರು.

ಒಂದು ವಿಷಯ ನೋಡಿ. ಪೇಪರಿನಲ್ಲಿ ಈರುಳ್ಳಿ ಬೆಲೆ ಯಾವಾಗಲೂ ದುಪ್ಪಟ್ಟಾಗುತ್ತದೆ. ಹಬ್ಬದ ಸಂಭ್ರಮ ಮಾತ್ರ ಇಮ್ಮಡಿಯಾಗುತ್ತದೆ. ‘ಬೆಲೆ ಇಮ್ಮಡಿ’ ಅಂದರೆ ತಪ್ಪೇನಿಲ್ಲ, ಆದರೆ ಯಾಕೋ ಕಿವಿಗೆ ಹಿಡಿಸುವುದಿಲ್ಲ. ಅಂಗಡಿಯ ಲೆಕ್ಕಕ್ಕೆ ಹೊರಗಿನ ಮಾತನ್ನು ಕೊಟ್ಟು, ಮನಸ್ಸಿನ ಲೆಕ್ಕಕ್ಕೆ ಮನೆಯ ಮಾತನ್ನೇ ಇಟ್ಟುಕೊಂಡಿದ್ದೇವೆ ಅನ್ನಿಸುತ್ತದೆ.

ರಾಜರ ಹೆಸರಿನಲ್ಲೂ ಇದೇ ಮಡಿ. ಒಂದೇ ಹೆಸರಿನ ಎರಡನೆಯ ಅರಸ ಬಂದರೆ ಅವನು ಇಮ್ಮಡಿ. ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ತಡೆದ ಬಾದಾಮಿಯ ಚಾಲುಕ್ಯ ದೊರೆ ನಮಗೆ ಇಮ್ಮಡಿ ಪುಲಕೇಶಿ. ಮೈಸೂರಿನಲ್ಲಿ ಕೃಷ್ಣರಾಜ ಒಡೆಯರ್ ಅನ್ನುವ ಹೆಸರು ಮತ್ತೆ ಮತ್ತೆ ಬಂತು. ಹೈದರನ ಕಾಲದಲ್ಲಿ ಇದ್ದವರು ಇಮ್ಮಡಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಪುಟ್ಟ ಹುಡುಗನಾಗಿ ಸಿಂಹಾಸನ ಏರಿ 1868ರವರೆಗೆ ಬದುಕಿದ್ದವರು ಮುಮ್ಮಡಿ. ಕನ್ನಂಬಾಡಿ ಕಟ್ಟೆ ಕಟ್ಟಿಸಿ 1940ರಲ್ಲಿ ತೀರಿಕೊಂಡವರು ನಾಲ್ವಡಿ.

ನಾಲ್ವಡಿಯಲ್ಲಿ ಮಡಿ ಎಲ್ಲಿದೆ ಅಂತ ಕೇಳಬಹುದು. ಮ ಹೋಗಿ ವ ಬಂದಿದೆ, ಅಷ್ಟೇ. ಮೆಲ್ ಮತ್ತು ಮಾತು ಸೇರಿ ಮೆಲ್ವಾತು ಆಗುತ್ತದಲ್ಲ, ಹಾಗೇ ನಾಲ್ ಮತ್ತು ಮಡಿ ಸೇರಿ ನಾಲ್ವಡಿ. ರೂಪ ಬದಲಾಗಿ ಮಡಿ ಮರೆಯಾಗಿದ್ದಕ್ಕೋ ಏನೋ, ಈ ಒಂದು ಸಂಖ್ಯೆ ಹೆಸರೇ ಆಗಿಬಿಟ್ಟಿದೆ. ಮಂಡ್ಯ, ಮೈಸೂರಿನಲ್ಲಿ ‘ನಾಲ್ವಡಿಯವರು ಇಲ್ಲದಿದ್ದರೆ ನಮಗೆಲ್ಲಿ ನೀರು’ ಅನ್ನುತ್ತಾರೆ. ಮುಂದೆ ಕೃಷ್ಣರಾಜ ಅಂತ ಸೇರಿಸಬೇಕಾದ ಅಗತ್ಯವೇ ಇಲ್ಲ. ನಾಲ್ಕನೆಯವರು ಅನ್ನುವ ಬರೀ ಲೆಕ್ಕದ ಮಾತು ಪ್ರೀತಿಯ ಹೆಸರಾಯಿತು. ಇದು ನನಗೆ ತುಂಬಾ ಇಷ್ಟ. (ಮಡಿಕೇರಿಯನ್ನು ಇದರ ಜೊತೆ ಸೇರಿಸಬೇಡಿ. ಅದು ಮುದ್ದುರಾಜನ ಕೇರಿ.)

ಬಟ್ಟೆಯ ಮಡಿಕೆಯಿಂದ ಹುಟ್ಟಿದ ಇನ್ನೊಂದು ವಸ್ತುವನ್ನು ಇಲ್ಲಿ ನೆನೆಯಲೇಬೇಕು: ಕಡತ. ಇವತ್ತು ಕಡತ ಅಂದರೆ ಸರ್ಕಾರಿ ಕಚೇರಿಯ ಫೈಲು. ಹಿಂದೆ ಅದು ನಿಜಕ್ಕೂ ಬಟ್ಟೆಯೇ. ಹುಣಸೆ ಬೀಜದ ಅಂಟನ್ನು ಇದ್ದಿಲು ಪುಡಿಯ ಜೊತೆ ಕಲಸಿ, ಉದ್ದನೆಯ ಬಟ್ಟೆಯ ಎರಡೂ ಕಡೆ ಬಳಿಯುತ್ತಿದ್ದರು. ಒಣಗಿದ ಮೇಲೆ ಅದು ಕಪ್ಪಗೆ, ಗಟ್ಟಿಯಾಗಿ, ಹಲಗೆಯ ಥರ ಆಗುತ್ತಿತ್ತು. ಅದನ್ನು ಹಿಂದೆ ಮುಂದೆ, ಹಿಂದೆ ಮುಂದೆ ಮಡಚಿದರೆ ಪುಸ್ತಕ. ಬಳಪದಲ್ಲಿ ಬರೆದರೆ ಬೆಳ್ಳಗೆ ಕಾಣುತ್ತದೆ, ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದಲ್ಲಿ ಅಂಥ ಕಡತಗಳನ್ನು ಉಳಿಸಿಕೊಂಡಿದ್ದಾರೆ. ‘ಕಡತ ವಿಲೇವಾರಿ’ ಅನ್ನುವಾಗ ಒಂದು ಮಡಚಿದ ಕಪ್ಪು ಬಟ್ಟೆ ಯಾರ ಕಣ್ಣ ಮುಂದೆಯೂ ಬರುವುದಿಲ್ಲ, ಅಲ್ವಾ?

ಮಡಿಲು ಕೂಡ ಇದೇ ಮನೆಯದು. ನಾವು ಮಡಿಲನ್ನು ತೊಡೆ ಅಂತ ತಿಳಿಯುತ್ತೇವೆ, ಮಗು ಮಲಗುವ ಜಾಗ ಅಂತ. ಆದರೆ ನಿಂತಿರುವ ಹೆಂಗಸಿಗೂ ಮಡಿಲಿದೆ. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು ಜೋಲಿಯಂತೆ ಮಾಡಿಕೊಂಡರೆ ಅದು ಮಡಿಲು. ತವರಿನಿಂದ ಹೊರಡುವ ಮಗಳಿಗೆ ಅಕ್ಕಿ ಹಾಕುವುದು ಅಲ್ಲಿಗೆ. ಅಕ್ಕಿ, ಬೆಲ್ಲದ ಅಚ್ಚು, ಒಣಕೊಬ್ಬರಿ, ಎಲೆ ಅಡಿಕೆ, ಅರಿಶಿನದ ಕೊಂಬು, ರವಿಕೆ ಕಣ, ಬಳೆ. ನಮ್ಮ ಕಡೆ ಇದು ಮಡ್ಲಕ್ಕಿ. ಬಾಗಲಕೋಟೆ, ವಿಜಯಪುರದ ಕಡೆ ಉಡಿ ತುಂಬುವುದು, ಅದರಲ್ಲಿ ಉತ್ತತ್ತಿಯೂ ಗುಳೇದಗುಡ್ಡದ ಖಣವೂ ಇರುತ್ತವೆ. ಉಡಿ ಬಂದದ್ದು ಉಡುವುದರಿಂದ, ಮಡಿಲು ಬಂದದ್ದು ಮಡಚುವುದರಿಂದ. ಎರಡೂ ಬಟ್ಟೆಯ ಮಾತುಗಳೇ. ಮೈಗೆ ಆಮೇಲೆ ಅಂಟಿಕೊಂಡವು.

ತಮಿಳಿನಲ್ಲಿ ಮಡಿ ಅಂದರೆ ಮಡಿಲೂ ಹೌದು, ಹಸುವಿನ ಕೆಚ್ಚಲೂ ಹೌದು. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಂದಿರಿಗೆ ಮಗುವಿನ ಬಟ್ಟೆಬರೆ, ಸೊಳ್ಳೆ ಪರದೆ ಕೊಡುವ ಯೋಜನೆಗೆ ‘ಮಡಿಲು’ ಅಂತ ಹೆಸರಿಟ್ಟಿದ್ದರು. ಯೋಜನೆಗಳ ಹೆಸರಿನಲ್ಲಿ ಇಷ್ಟು ಸರಿಯಾಗಿ ಕೂತದ್ದು ಕಡಿಮೆ.

ಮಡಿ ಅಂದರೆ ಸಾಯುವುದೂ ಹೌದು. ಆದರೆ ಎಲ್ಲರ ಸಾವಿಗೂ ಈ ಮಾತು ಬರುವುದಿಲ್ಲ. ಮನೆಯ ಹಿರಿಯರು ತೀರಿಕೊಳ್ಳುತ್ತಾರೆ, ಹೋಗಿಬಿಡುತ್ತಾರೆ. ಯೋಧರು ಮಡಿಯುತ್ತಾರೆ. ನಿಂತಿದ್ದವರು ಮೊಣಕಾಲು ಮಡಿದು ಬಿದ್ದ ಹಾಗೆ ಈ ಮಾತು ಕೇಳಿಸುತ್ತದೆ. ತಮಿಳಿನಲ್ಲೂ ಮಡಿ ಅನ್ನುವ ಒಂದೇ ಕ್ರಿಯಾಪದಕ್ಕೆ ಬಾಗುವುದು, ಮಡಚಿಕೊಳ್ಳುವುದು, ಸಾಯುವುದು ಎಲ್ಲ ಇದೆ.

ಇನ್ನು ಎಲ್ಲರಿಗೂ ಮೊದಲು ಹೊಳೆಯುವ ಅರ್ಥಕ್ಕೆ ಬರೋಣ. ಮಡಿ ಅಂದ ಕೂಡಲೇ ನನ್ನ ತಲೆಯಲ್ಲಿ ಬರುವುದು ನನ್ನ ಅಜ್ಜಿಯ ಮನೆಯ ಹಿಂದಿನ ಕೋಣೆ. ಅಲ್ಲಿ ಸೂರಿನ ಹತ್ತಿರ, ಗೋಡೆಯಿಂದ ಗೋಡೆಗೆ ಒಂದು ಬಿದಿರಿನ ಗಳು ಕಟ್ಟಿತ್ತು. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಸೀರೆ ಒಗೆದು, ಹಿಂಡಿ, ಮಡಿಕೋಲಿನ ತುದಿಗೆ ಸಿಕ್ಕಿಸಿ ಅಜ್ಜಿ ಅದನ್ನು ಗಳುವಿನ ಮೇಲೆ ಹರಡುತ್ತಿದ್ದಳು. ಮಾರನೆಯ ದಿನ ಅದೇ ಕೋಲಿನಿಂದ ಇಳಿಸಿ ಉಡುತ್ತಿದ್ದಳು. ನಡುವೆ ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮೈಲಿಗೆ. ‘ದೂರ ನಿಲ್ಲು ಮಗೂ, ಮಡೀಲಿದೀನಿ’ ಅನ್ನುವುದು ಅವಳ ಬೆಳಗಿನ ಮಾತು. ಅಡುಗೆಯಾಗಿ, ನೈವೇದ್ಯವಾಗಿ, ಎಲೆ ಎತ್ತುವವರೆಗೆ ಅವಳ ಸೆರಗು ನಮಗೆ ಸಿಗುತ್ತಿರಲಿಲ್ಲ. ರೇಷ್ಮೆಗೆ ಸ್ವಲ್ಪ ವಿನಾಯಿತಿ. ಪಟ್ಟೆಮಡಿಯನ್ನು ದಿನಾ ಒಗೆಯಬೇಕಾಗಿಲ್ಲ.

ಆ ಶಿಸ್ತಿನಲ್ಲಿ ಶುಚಿಯೂ ಇತ್ತು, ಅಜ್ಜಿಯ ಭಕ್ತಿಯೂ ಇತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಮಾತು ಮಾಡಿದ ಗಾಯ ದೊಡ್ಡದು. ಗಂಡ ಸತ್ತ ಹೆಣ್ಣುಮಗಳ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಒಪ್ಪೊತ್ತಿನ ಊಟಕ್ಕೆ ಕೂರಿಸಿ ಅವಳನ್ನು ‘ಮಡಿ ಹೆಂಗಸು’ ಅಂತ ಕರೆದರು. ಹದಿನೈದು, ಹದಿನಾರರ ಹುಡುಗಿಯರನ್ನೂ ಬಿಡಲಿಲ್ಲ. ಅವಳು ಮುಟ್ಟಿದ ನೀರು ದೇವರಿಗೆ ಬೇಕು, ಅವಳು ಎದುರಿಗೆ ಬರುವುದು ಬೇಡ. ಮನೆಯ ಹೊರಗೆ ಜಾತಿಯ ಗೋಡೆ ಎಬ್ಬಿಸಿದ್ದೂ ಇದೇ ಮಡಿ ಮೈಲಿಗೆಯ ಜೋಡಿ. ಮಡಚಿಟ್ಟ ಬಟ್ಟೆಯಿಂದ ಶುರುವಾದ ಮಾತು ಮನುಷ್ಯರನ್ನು ಬದಿಗಿಡುವ ಮಾತಾಯಿತು. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ಒಗೆದ ಬಟ್ಟೆ ಮಡಿ ಆಯಿತು ಅನ್ನುವುದು ಅರ್ಥವಾಗುವ ಸಂಗತಿಯೇ. ಉಟ್ಟ ಬಟ್ಟೆ ಮುದುರಿರುತ್ತದೆ. ಒಗೆದು ಒಣಗಿಸಿದ್ದು ಮಾತ್ರ ಅಂಚಿಗೆ ಅಂಚು ಕೂಡಿ ಮಡಿಕೆಯಲ್ಲಿರುತ್ತದೆ. ಮಡಿಕೆಯಲ್ಲಿರುವುದು ಅಂದರೆ ಇನ್ನೂ ಯಾರೂ ಉಡದಿರುವುದು. ಬಟ್ಟೆಯನ್ನು ಹಾಗೆ ಮಾಡಿಕೊಡುವವರಿಗೇ ಮಡಿವಾಳ ಅಂತ ಹೆಸರು. ತೆಲುಗಿನಲ್ಲೂ ಮಡಿವೇಲು ಅನ್ನುವ ಹೆಸರಿದೆ. ಅವರು ಒಗೆಯುವ ಜಾಗ ಮಡಿಕಟ್ಟೆ. ಮುಟ್ಟಬೇಡ ಅನ್ನುವ ಅರ್ಥವನ್ನು ಬದಿಗಿಟ್ಟು ಈ ಎರಡು ಪದಗಳನ್ನು ಮತ್ತೆ ಓದಿ. ಮಡಿ ಅನ್ನುವುದು ಅವರ ಕಸುಬು, ಅವರ ಕೈಯಿಂದ ಆಗುವ ವಸ್ತು.

ಆ ಕಸುಬು ಸುಮ್ನೆ ನೀರಿಗೆ ಅದ್ದಿ ತೆಗೆಯುವುದಾಗಿರಲಿಲ್ಲ. ಸೋಪು ಬರುವುದಕ್ಕೆ ಮುಂಚೆ ಚೌಳು ಮಣ್ಣು ತಂದು ನೀರಿನಲ್ಲಿ ಕಲಸಿ, ಬಟ್ಟೆಗಳನ್ನು ಅದರಲ್ಲಿ ನೆನೆಸಿ, ದೊಡ್ಡ ಬಾನಿಯ ಮೇಲೆ ಸುತ್ತಿ ಪೇರಿಸಿ ಕೆಳಗೆ ಬೆಂಕಿ ಹಾಕುತ್ತಿದ್ದರು. ರಾತ್ರಿಯೆಲ್ಲ ಹಬೆ ಏರಬೇಕು. ಇದಕ್ಕೆ ಉಬ್ಬೆ ಅನ್ನುತ್ತಾರೆ. ಬೆಳಿಗ್ಗೆ ಹೊಳೆಗೆ ಹೊತ್ತುಕೊಂಡು ಹೋಗಿ ಕಲ್ಲಿಗೆ ಒಗೆದು, ಬಿಳಿಯದಕ್ಕೆ ನೀಲಿ ಹಾಕಿ, ಗಂಜಿ ಹಾಕಿ, ಮರಳಿನ ಮೇಲೆ ಹರವಿ ಒಣಗಿಸಿ, ಮಡಚಿ, ಗಂಟು ಕಟ್ಟಿ ವಾಪಸು. ಯಾರ ಮನೆಯ ಬಟ್ಟೆ ಯಾವುದು ಅಂತ ತಿಳಿಯಲು ಕೇರು ಬೀಜದ ರಸದಲ್ಲಿ ಮೂಲೆಯಲ್ಲಿ ಒಂದು ಗುರುತು. ಚುಕ್ಕೆ, ಗೆರೆ, ಕತ್ತರಿ. ಎಷ್ಟು ಒಗೆದರೂ ಅದು ಹೋಗುವುದಿಲ್ಲ. ಊರಿನ ಅಷ್ಟೂ ಮನೆಯ ಗುರುತು ಅವರ ತಲೆಯಲ್ಲಿ ಇರುತ್ತಿತ್ತು.

ಇಷ್ಟೆಲ್ಲ ಆದ ಮೇಲೂ ಆಚಾರದ ಮನೆಗಳಲ್ಲಿ ಮಡಿವಾಳರು ತಂದ ಬಟ್ಟೆ ಮಡಿಯಲ್ಲ. ಅದನ್ನು ಇನ್ನೊಮ್ಮೆ ಮನೆಯ ಬಾವಿಯ ನೀರಿಗೆ ಹಾಕಿ ತೆಗೆದರೆ ಮಾತ್ರ ಮಡಿ. ಮಡಿಯನ್ನು ತಮ್ಮ ಹೆಸರಿನಲ್ಲೇ ಹೊತ್ತವರ ಕೈಯಿಂದ ಬಂದದ್ದು ಮಡಿಯಲ್ಲ ಅಂತ ಹೇಳಿದ ಸಮಾಜ ನಮ್ಮದು. ಮಾತಿನ ಚರಿತ್ರೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ.

ಹನ್ನೆರಡನೆಯ ಶತಮಾನದಲ್ಲಿ ಇದಕ್ಕೆ ಒಬ್ಬರು ತಿರುಗಿ ನಿಂತಿದ್ದರು. ಮಡಿವಾಳ ಮಾಚಿದೇವರು. ಈಗಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯವರು. ಕಲಿದೇವರದೇವ ಅನ್ನುವ ಅಂಕಿತದಲ್ಲಿ ವಚನ ಬರೆದವರು. ಕಲ್ಯಾಣದಲ್ಲಿ ಶರಣರ ಬಟ್ಟೆಗಳನ್ನು ಒಗೆದು ಹೊತ್ತು ತರುವಾಗ, ಶರಣರಲ್ಲದವರು ಈ ಗಂಟನ್ನು ಮುಟ್ಟಬಾರದು ಅಂತ ಸಾರಿಕೊಂಡು, ಗಂಟೆ ಬಾರಿಸಿಕೊಂಡು ಬರುತ್ತಿದ್ದರಂತೆ. ಈ ಕಥೆಯನ್ನು ಬರೀ ಭಕ್ತಿಯ ಕಥೆ ಅಂತ ಓದುವುದು ನನಗೆ ಸಾಲದು. ಮುಟ್ಟಬೇಡ ಅನ್ನುವ ಅಧಿಕಾರ ಅಲ್ಲಿ ಒಗೆಯುವವರ ಕೈಗೆ ಬಂದಿದೆ. ಬಟ್ಟೆ ಯಾರಿಂದ ಮೈಲಿಗೆಯಾಗುತ್ತದೆ ಅಂತ ತೀರ್ಮಾನಿಸುವವರು ಮಾಚಯ್ಯನವರೇ, ಅದನ್ನು ತೀರ್ಮಾನಿಸುವುದು ಹುಟ್ಟಿನಿಂದಲ್ಲ. ಕಲ್ಯಾಣ ಕದಡಿದ ಮೇಲೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆ ಹೊರಟಾಗ ಅವುಗಳಿಗೆ ಕಾವಲಾಗಿ ನಿಂತವರೂ ಅವರೇ ಅನ್ನುತ್ತದೆ ಪರಂಪರೆ. ಪ್ರತಿ ವರ್ಷ ಫೆಬ್ರವರಿ 1ರಂದು ಅವರ ಜಯಂತಿ.

ಇನ್ನೊಂದು ಪದ್ಧತಿ ಇದೆ: ನಡೆಮಡಿ. ಕೆಲವರು ನಡೆಮುಡಿ ಅನ್ನುತ್ತಾರೆ. ಹಳೆ ಮೈಸೂರಿನ ಊರುಗಳಲ್ಲಿ ದೇವರು ಹೊರಡುವಾಗ, ಮದುವೆ ಗಂಡು ಹೆಣ್ಣು ನಡೆಯುವಾಗ ಮಡಿವಾಳರು ನೆಲಕ್ಕೆ ಒಗೆದ ಬಟ್ಟೆ ಹಾಸುತ್ತಾರೆ. ನಾನು ನೋಡಿದ ಹಬ್ಬದಲ್ಲಿ ಹೀಗಿತ್ತು. ಮುಂದೆ ಇಬ್ಬರು ಬಿಳಿ ಬಟ್ಟೆ ಬಿಡಿಸಿ ಹಾಸುತ್ತಾರೆ. ದೇವರನ್ನು ಹೊತ್ತವರು ಅದರ ಮೇಲೆ ಕಾಲಿಟ್ಟು ದಾಟುತ್ತಾರೆ. ದಾಟಿದ ಕೂಡಲೇ ಹಿಂದೆ ಇದ್ದವರು ಅದನ್ನು ಎತ್ತಿ, ಓಡಿ ಬಂದು ಮುಂದಿನವರ ಕೈಗೆ ಕೊಡುತ್ತಾರೆ. ಅವರು ಮತ್ತೆ ಹಾಸುತ್ತಾರೆ. ನಾಲ್ಕೈದು ಬಟ್ಟೆಯಲ್ಲಿ ಇಡೀ ಬೀದಿ ಮುಗಿಯುತ್ತದೆ. ತಮಟೆಯ ಸದ್ದು, ಪಂಜಿನ ಹೊಗೆ, ಧೂಳು, ಎಲ್ಲದರ ನಡುವೆ ಅವರ ಕೈ ಎಲ್ಲೂ ತಪ್ಪುವುದಿಲ್ಲ.

ಮನೆಯೊಳಗೆ ಮಡಿ ಕೈಗೆ ಎಟುಕದ ಗಳುವಿನ ಮೇಲಿತ್ತು. ಬೀದಿಯಲ್ಲಿ ಅದೇ ಮಡಿ ಎಲ್ಲರ ಕಾಲ ಕೆಳಗೆ ಇದೆ, ಆದರೂ ಮಡಿಯೇ. ಅಂದು ಯಾರೂ ಅದನ್ನು ಮತ್ತೆ ಬಾವಿಯ ನೀರಿಗೆ ಹಾಕಿ ಎನ್ನಲಿಲ್ಲ. ದೇವರಿಗೆ ಬೇಕಾಗಿದ್ದದ್ದು ಮಡಿವಾಳರು ಒಗೆದು, ಮಡಚಿ ತಂದದ್ದೇ.

ನಮ್ಮ ರಸ್ತೆಯ ಮೂಲೆಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ಅಣ್ಣನ ಹತ್ತಿರ ಈ ನಡೆಮಡಿಯ ಬಗ್ಗೆ ಕೇಳಿದೆ. ಕೈಯಲ್ಲಿದ್ದ ಅಂಗಿಯನ್ನು ಬೋರಲು ಹಾಕಿ, ತೋಳುಗಳನ್ನು ಬೆನ್ನಿನ ಮೇಲೆ ಮಡಚಿ, ಕಾಲರ್ ಕೆಳಗೆ ಒಂದು ಸಲ ಒತ್ತಿ ತಿರುಗಿಸಿ ಇಟ್ಟರು. ‘ನಮ್ಮಪ್ಪ ಹಾಸ್ತಿದ್ರು ಮೇಡಂ, ಈಗ ನಮ್ಮಣ್ಣ ಹಾಸ್ತಾನೆ. ಹಬ್ಬದ ದಿನ ನಾನೂ ಹೋಗ್ಲೇಬೇಕು. ನಾವು ಹಾಸ್ದೆ ದೇವ್ರು ಹೊರಡಲ್ಲ’ ಅಂದರು. ಊರಿನಲ್ಲಿ ಅದಕ್ಕೆ ಅವರ ಮನೆಗೆ ಕಾಳುಕಡಿ ಕೊಡುವ ಪದ್ಧತಿ ಇತ್ತಂತೆ. ಈಗ ದುಡ್ಡು ಕೊಡುತ್ತಾರೆ, ಕೆಲವು ವರ್ಷ ಅದೂ ಮರೆತುಹೋಗುತ್ತದೆ.

ಹಬ್ಬದ ದಿನ ಆ ಮನೆಗಳಿಗೆ ಸಲ್ಲಬೇಕಾದ್ದು ಮರೆಯದೆ ಸಲ್ಲಬೇಕು. ಅದನ್ನು ಊರಿನವರೇ ನೋಡಿಕೊಳ್ಳಬೇಕು. ನಿಮ್ಮ ಊರಿನಲ್ಲಿ ನಡೆಮಡಿ ಹಾಸುವುದು ಇನ್ನೂ ಇದೆಯಾ, ಅದಕ್ಕೆ ಏನಂತ ಕರೆಯುತ್ತಾರೆ, ಯಾರ ಮನೆಯವರು ಹಾಸುತ್ತಾರೆ ಅಂತ ಮನೆಯ ಹಿರಿಯರನ್ನು ಕೇಳಿ. ಉತ್ತರ ಸಿಕ್ಕರೆ ನನಗೂ ಬರೆದು ತಿಳಿಸಿ.